ನಲವತ್ತೈದನೆಯ ಹೆಸರು

2025ರ ಜೂನ್ 29, ರವಿವಾರ. ರಾತ್ರಿಯೆಲ್ಲ ಜಿನುಗಿದ ಆರಿದ್ರಾ ಮಳೆ ಬೆಳಗಾಗುವ ಹೊತ್ತಿಗೆ ಹೊಳವಾಗಿತ್ತು. ಗಂಗಾವತಿ ಕಡೆಯ ಒಂದು ಸಣ್ಣ ಚರ್ಚಿನ ಕಟ್ಟಕಡೆಯ ಬೆಂಚಿನಲ್ಲಿ ನಾನೂ ಒಬ್ಬ ನಿವೃತ್ತ ಗಣಿತದ ಮಾಸ್ತರೂ ಕೂತಿದ್ದೆವು. ಮಾಸ್ತರ ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲ್ಲು. ಅವರ ಜತೆ ಒಂದೇ ಶಾಲೆಯಲ್ಲಿ ದುಡಿದ ಗೆಳೆಯರ ಮೊಮ್ಮಗಳಿಗೆ ಅವತ್ತು ಪ್ರಥಮ ಪರಮಪ್ರಸಾದ. ಊಟಕ್ಕೆ ಕರೆದಿದ್ದರು, ಮಾಸ್ತರು ಪೂಜೆಗೇ ಬಂದುಬಿಟ್ಟಿದ್ದರು.

ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ದಿನವದು. ಹಬ್ಬವೆಂದು ಫಾದರ್ ಅವರು ಬಲಿಪೂಜೆಯ ನಡುವಣ ಪ್ರಾರ್ಥನೆಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು, ಎಲ್ಲಕ್ಕಿಂತ ಉದ್ದನೆಯದನ್ನು ಎತ್ತಿಕೊಂಡರು. ಹೆಸರುಗಳು ಶುರುವಾದವು. ಪೇತ್ರ, ಪೌಲ, ಅಂದ್ರೆಯ, ಯಕೋಬ, ಯೊವಾನ್ನ, ತೋಮ... ಒಂದರ ಬೆನ್ನಿಗೊಂದು, ನಿಲ್ಲುವ ಲಕ್ಷಣವೇ ಇಲ್ಲ.

ಮಾಸ್ತರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಏನ್ರೀ ಇದು, ಹಾಜರಿ ಕರದಂಗ ಕರ್ಯಾಕತ್ತಾರಲ್ಲ?"

"ಹಾಜರೀನ ಅನ್ಕೋರಿ ಮಾಸ್ತರ."

"ಮತ್ತ ಒಬ್ರೂ ‘ಹಾಜರ್ ಸರ್’ ಅನ್ನವಲ್ರು?"

ಮೂವತ್ತೈದು ವರ್ಷ ದಿನಾ ಹಾಜರಿ ಕರೆದ ಮನುಷ್ಯ. ಹೆಬ್ಬೆರಳು ಆಗಲೇ ಉಳಿದ ಬೆರಳುಗಳ ಗೆರೆಗಳ ಮೇಲೆ ಓಡುತ್ತಿತ್ತು. ಪೂಜೆ ಮುಗಿದಾಗ ಊಟಕ್ಕಿನ್ನೂ ಹೊತ್ತಿತ್ತು. ಎದುರಿನ ಹೋಟೆಲಿನಲ್ಲಿ ಒಗ್ಗರಣಿ, ಮಿರ್ಚಿ ಹೇಳಿ ಕೂತೆವು. ಮಾಸ್ತರು ಮಿರ್ಚಿ ಕಟ್ಟಿದ್ದ ಪೇಪರಿನ ಒಣ ಭಾಗ ಹರಿದುಕೊಂಡು, ಜೇಬಿನ ಪೆನ್ನು ತೆಗೆದು ಮೂಲೆಯಲ್ಲಿ 45 ಅಂತ ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತಿದರು.

"44 ಮಾಸ್ತರ," ಅಂದೆ. ಚರ್ಚಿನ ಪೂಜೆಯ ಪುಸ್ತಕವನ್ನು ನಾನು ಮೊದಲೇ ಓದಿಕೊಂಡಿದ್ದೆ.

"45," ಅಂದರು. "ನಾ ಎಣಿಸೀನಿ."

ಗಣಿತದ ಮಾಸ್ತರೊಡನೆ ವಾದ ಮಾಡುವುದು ಹೇಗೆ? ಪಟ್ಟಿ ಬಿಚ್ಚಿಯೇ ತೋರಿಸಬೇಕು.

ರೋಮಿನ ಈ ಪ್ರಾರ್ಥನೆಯಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದರಲ್ಲಿ ಕನ್ಯಾಮರಿಯಮ್ಮ, ಆಕೆಯ ಪತಿ ಜೋಸೆಫ್, ಆಮೇಲೆ ಹನ್ನೆರಡು ಪ್ರೇಷಿತರು, ಅವರಾದ ಮೇಲೆ ಸರಿಯಾಗಿ ಮತ್ತೆ ಹನ್ನೆರಡು ರಕ್ತಸಾಕ್ಷಿಗಳು. ಲೀನುಸ್, ಕ್ಲೇತುಸ್, ಕ್ಲೆಮೆಂಟ್, ಸಿಕ್ಸ್ತುಸ್, ಕೊರ್ನೇಲಿಯುಸ್ ಎಂಬ ಐವರು ಪೋಪರು, ಕಾರ್ತೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್, ರೋಮಿನ ಲಾರೆನ್ಸ್, ಕೊನೆಗೆ ಕ್ರಿಸೋಗೊನುಸ್, ಯೊವಾನ್ನ, ಪೌಲ, ಕೋಸ್ಮಾಸ್, ದಾಮಿಯನ್. ಒಟ್ಟು 26. ಎರಡನೆಯ ಪಟ್ಟಿಗೆ ಸ್ನಾನಿಕ ಯೊವಾನ್ನ ಮುಂದಾಳು. ಅವನ ಹಿಂದೆ ಏಳು ಜನ ಗಂಡಸರು, ಏಳು ಜನ ಹೆಂಗಸರು. ಒಟ್ಟು 15. ಇವೆರಡರ ನಡುವೆ ಹಳೆಯ ಒಡಂಬಡಿಕೆಯ ಮೂವರು ಬರುತ್ತಾರೆ: ಆಬೇಲ, ಅಬ್ರಹಾಮ, ಮೆಲ್ಕಿಸದೇಕ. 26ಕ್ಕೆ 15 ಕೂಡಿದರೆ 41, ಮೂರು ಕೂಡಿದರೆ 44.

ಮಾಸ್ತರು ತಲೆದೂಗಿದರು. ಹನ್ನೆರಡಕ್ಕೆ ಹನ್ನೆರಡು, ಏಳಕ್ಕೆ ಏಳು ಎನ್ನುವ ಅಚ್ಚುಕಟ್ಟು ಅವರಿಗೆ ಹಿಡಿಸಿತು. ಆದರೂ 45ನ್ನು ಹೊಡೆದುಹಾಕಲಿಲ್ಲ.

"ಪೋಪ್‌ರನ್ನ ಹಿಡಿದಿರೇನು? ಬಳ್ಳಾರಿ ಬಿಷಪ್ಪರನ್ನ?" ಅಂತ ಕೇಳಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕಥೋಲಿಕರು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದವರು. 1949ರಲ್ಲಿ ಹುಟ್ಟಿದ ಧರ್ಮಕ್ಷೇತ್ರ ಅದು. ಪೂಜೆಯಲ್ಲಿ ಪೋಪರ ಹೆಸರಿನ ಬೆನ್ನಿಗೆ ಅಲ್ಲಿಯ ಧರ್ಮಾಧ್ಯಕ್ಷರ ಹೆಸರು ಬರುತ್ತದೆ.

"ಅವ್ರನ್ನ ಹಿಡಿದಿಲ್ರಿ. ಅವು ಕುರ್ಚಿ. ಮನಶ್ಯಾ ಬದಲಾದ್ರ ಹೆಸರೂ ಬದಲಾಗ್ತೈತಿ. ಪಿಲಾತ ಅಂತ ಒಬ್ಬಂವ ಬಂದಾ ಮುಂಚೆ, ಅವನ್ನೂ ಹಿಡಿದಿಲ್ಲ. ಅಂವಾ ಸಂತ ಅಲ್ಲಂತಲ್ಲ."

ಪಿಲಾತ ಸಂತನಲ್ಲ ನಿಜ, ಆದರೆ ಲೆಕ್ಕ ಅಂತ ಕೂತರೆ ಬೆರಗು ಶುರುವಾಗುವುದೇ ಅವನಿಂದ. ರವಿವಾರಗಳಂದು, ಹಬ್ಬಗಳಂದು ಇಡೀ ಸಭೆ ಎದ್ದುನಿಂತು ವಿಶ್ವಾಸ ಪ್ರಮಾಣ ಹೇಳುತ್ತದೆ. ಅದರಲ್ಲಿ ಮನುಷ್ಯರಾಗಿ ಬಾಳಿದವರ ಹೆಸರುಗಳು ಮೂರೇ ಮೂರು. ಒಂದು ಯೇಸು, ಇನ್ನೊಂದು ತಾಯಿ ಮರಿಯ. ಮೂರನೆಯದು ಪೇತ್ರನದಲ್ಲ, ಪೌಲನದೂ ಅಲ್ಲ. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮಿನ ರಾಜ್ಯಪಾಲ ಪೊಂತಿಯುಸ್ ಪಿಲಾತನದು. ಕ್ರಿ.ಶ. 26ರಿಂದ 36ರ ತನಕ, ಹತ್ತು ವರ್ಷ ಯೂದಾಯವನ್ನು ಆಳಿದ ಅಧಿಕಾರಿ. ನಮ್ಮಲ್ಲಿ ಹತ್ತು ವರ್ಷ ಒಂದು ಜಿಲ್ಲೆಯಲ್ಲಿದ್ದ ಅಧಿಕಾರಿಯ ಹೆಸರನ್ನು ಐವತ್ತು ವರ್ಷ ಬಿಟ್ಟು ಯಾರೂ ಹೇಳುವುದಿಲ್ಲ. 381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ಒಪ್ಪಿದ ಪಾಠದಲ್ಲಿ ಈತನ ಹೆಸರು ಕೂತಿತು, ಅಲ್ಲಿಂದ ಇಲ್ಲಿಯವರೆಗೆ ಎದ್ದಿಲ್ಲ.

ಲೋಕದಲ್ಲಿ ಕಥೋಲಿಕರು ಈಗ 140 ಕೋಟಿಗೂ ಮೇಲೆ. ಏಳು ಜನರಲ್ಲಿ ಒಬ್ಬರಷ್ಟೇ ರವಿವಾರದ ಪೂಜೆಗೆ ಹೋಗುತ್ತಾರೆ ಅಂತ ಜಿಪುಣತನದಿಂದಲೇ ಹಿಡಿಯೋಣ. 20 ಕೋಟಿ ಬಾಯಿ. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅಂಥ ಮೂರು ಕರ್ನಾಟಕಗಳು ಒಂದೇ ದಿನ ಎದ್ದುನಿಂತು ಒಬ್ಬ ಮಾಜಿ ಅಧಿಕಾರಿಯ ಹೆಸರು ಹೇಳಿದ ಹಾಗೆ. ಅದೂ ವಾರ ವಾರವೂ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಪಿಲಾತನ ಕಾಲದಲ್ಲೇ ಅವನ ಹೆಸರು ಕೆತ್ತಿದ ಕಲ್ಲು ಸಿಕ್ಕಿದ್ದು 1961ರಲ್ಲಿ. ಸೆಸರಿಯಾ ಎಂಬ ಕಡಲೂರಿನ ಹಾಳುಬಿದ್ದ ರಂಗಮಂದಿರದಲ್ಲಿ ಯಾರೋ ಆ ಕಲ್ಲನ್ನು ಮೆಟ್ಟಿಲಿಗೆ ಹಾಕಿಬಿಟ್ಟಿದ್ದರು. ಅಂದರೆ ಜನ ಅವನ ಹೆಸರನ್ನು ಬಾಯಲ್ಲಿ ಹೇಳುತ್ತ ಹೇಳುತ್ತ ಸಾವಿರದ ಒಂಬೈನೂರು ವರ್ಷ ಕಳೆದ ಮೇಲೆ ಕಲ್ಲು ಬಂದು ಹೌದು ಅಂದಿತು.

ನಮ್ಮ ಸೀಮೆಯಲ್ಲಿ ನಡೆದದ್ದು ಇದರ ತಿರುವುಮುರುವು. ಕೊಪ್ಪಳದ ಗವಿಮಠದ ಗುಡ್ಡದ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಪೇತ್ರ, ಪೌಲರಿಗಿಂತ ಸುಮಾರು 300 ವರ್ಷ ಹಳೆಯವು. ಅಲ್ಲಿ ಅವನು ಬರೀ ದೇವಾನಾಂಪ್ರಿಯ. ಆ ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹಿಡಿದು ಹೇಳುವ ಕಲ್ಲು ಮೊದಲು ಸಿಕ್ಕಿದ್ದು ಪಕ್ಕದ ಮಸ್ಕಿಯಲ್ಲಿ, 1915ರಲ್ಲಿ. ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್. ಕುರಿ ಮೇಯಿಸುವವರು, ಹೊಲಕ್ಕೆ ಹೋಗುವವರು, ಜಾತ್ರೆಗೆ ನಡೆಯುವವರು ಎರಡು ಸಾವಿರ ವರ್ಷ ಆ ಅಕ್ಷರಗಳ ಬಗಲಲ್ಲೇ ಓಡಾಡಿದರು. ಚಕ್ರವರ್ತಿಯ ಹೆಸರು ಬಂಡೆಯಲ್ಲಿ ಭದ್ರವಾಗಿತ್ತು, ಹೇಳುವ ಬಾಯಿ ಒಂದೂ ಇರಲಿಲ್ಲ. ಪಿಲಾತನಿಗೆ ಬಾಯಿಗಳಿದ್ದವು, ಕಲ್ಲಿರಲಿಲ್ಲ.

ಇದನ್ನು ಕೇಳಿ ಮಾಸ್ತರು ಮಿರ್ಚಿ ಕೆಳಗಿಟ್ಟರು. "ಹಂಗಾದ್ರ ದಿನಕ್ಕ ಎಷ್ಟು ಪೂಜಿ ಆಗ್ತಾವ ಲೋಕದಾಗ? ಲೆಕ್ಕಾ ಹಾಕೂಣು."

ವ್ಯಾಟಿಕನ್ನಿನ ಅಂಕಿಸಂಖ್ಯೆಯಂತೆ 2023ರ ಕೊನೆಗೆ ಲೋಕದಲ್ಲಿದ್ದ ಕಥೋಲಿಕ ಗುರುಗಳು 4 ಲಕ್ಷ 6 ಸಾವಿರಕ್ಕೂ ಮೇಲೆ. ಗುರುವಾದವರು ದಿನಾ ಪೂಜೆ ಅರ್ಪಿಸುವುದು ವಾಡಿಕೆ.

"ಅರ್ಧಾ ಮಂದಿ ವಯಸ್ಸಾದೋರು, ಆರಾಮಿಲ್ಲದೋರು, ಬಸ್ಸಿನ್ಯಾಗ ಕುಂತೋರು ಅಂತ ಬಿಡ್ರಿ. ಎರಡು ಲಕ್ಷ ಹಿಡೀರಿ."

ದಿನಕ್ಕೆ 86,400 ಸೆಕೆಂಡು. ಎರಡು ಲಕ್ಷವನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಎರಡು ಪೂಜೆಗಿಂತ ಹೆಚ್ಚು. ಹೋಟೆಲಿನ ಹುಡುಗ ಎರಡು ಚಹಾ ತಂದಿಟ್ಟು ಮೇಜು ಒರೆಸಿ ಹೋಗುವ ಹತ್ತು ಸೆಕೆಂಡಿನಲ್ಲಿ 23 ಪೂಜೆ ಶುರುವಾಗಿರುತ್ತವೆ. ಒಂದು ಪೂಜೆಗೆ ಅರ್ಧ ತಾಸು ಅಂತ ಇಟ್ಟುಕೊಂಡರೆ ಯಾವ ಗಳಿಗೆಯಲ್ಲಿ ನೋಡಿದರೂ ಲೋಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪೂಜೆ ನಡೆಯುತ್ತಲೇ ಇರುತ್ತವೆ. ಕೊಪ್ಪಳದಲ್ಲಿ ರವಿವಾರ ಬೆಳಿಗ್ಗೆ 6 ಗಂಟೆ ಹೊಡೆದಾಗ ಮೆಕ್ಸಿಕೋ ನಗರದಲ್ಲಿ ಶನಿವಾರ ಸಂಜೆ 6.30. ಇಲ್ಲಿಯ ಮುಂಜಾವದ ಪೂಜೆಯೂ ಅಲ್ಲಿಯ ಸಂಜೆ ಪೂಜೆಯೂ ಒಂದೇ ರವಿವಾರದ ಲೆಕ್ಕಕ್ಕೆ ಬೀಳುತ್ತವೆ. ವರ್ಷಕ್ಕೆ 7 ಕೋಟಿ 30 ಲಕ್ಷ ಪೂಜೆ. ಒಂದೊಂದರಲ್ಲೂ ಮರಿಯಮ್ಮನ ಹೆಸರು ಕಡಿಮೆಯೆಂದರೆ ಒಂದು ಸಲ.

ಪೇಪರು ತುಂಬಿತು. ಮಾಸ್ತರು ಅದನ್ನು ತಿರುವಿ ಎಣ್ಣೆ ಹತ್ತದ ಜಾಗ ಹುಡುಕಿದರು.

ಆ ವರ್ಷ ಕುರ್ಚಿಯ ಹೆಸರೇ ಒಂದು ಸೋಜಿಗ ತೋರಿಸಿತ್ತು. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಪೋಪರ ಪೀಠ ಖಾಲಿಯಿದ್ದಾಗ ಪೂಜೆಯಲ್ಲಿ ಆ ಹೆಸರಿನ ಜಾಗವನ್ನು ಬಿಟ್ಟು ಮುಂದೆ ಹೋಗಬೇಕು, ಅದು ನಿಯಮ. ಮೇ 8ರ ತನಕ 17 ದಿನ. ನಮ್ಮ ಲೆಕ್ಕದಲ್ಲಿ 34 ಲಕ್ಷ ಪೂಜೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಹೆಸರು ಕಾಣೆ. ಮೇ 8ರ ರಾತ್ರಿ, ನಮ್ಮ ಗಡಿಯಾರದಲ್ಲಿ ಒಂಬತ್ತೂವರೆ ದಾಟಿದ ಮೇಲೆ, ರೋಮಿನ ಹೊಗೆಗೂಡಿನಿಂದ ಬಿಳಿ ಹೊಗೆ ಬಂತು, ಹೊಸ ಪೋಪರು ಆಯ್ಕೆಯಾದ ಗುರುತು. ಕೊಪ್ಪಳ ಸೀಮೆಯಲ್ಲಿ ಊಟ ಮುಗಿಸಿ ಅಂಗಳದಲ್ಲಿ ಹಾಸಿಗೆ ಹಾಸುವ ಹೊತ್ತದು. ಮರುದಿನ ಬೆಳಗಿನ ಪೂಜೆಯಲ್ಲಿ ಲೋಕದ ತುಂಬ ಆ ಖಾಲಿ ಜಾಗದಲ್ಲಿ ಲಿಯೋ ಎಂಬ ಹೆಸರು ಬಂದು ಕೂತಿತ್ತು. ಯಾವ ಸುತ್ತೋಲೆಯೂ ಬೇಕಾಗಲಿಲ್ಲ, ಟೀವಿ ಸಾಕಾಯಿತು. 1903ರಲ್ಲಿ ಹದಿಮೂರನೆಯ ಲಿಯೋ ತೀರಿಕೊಂಡ ಮೇಲೆ ಆ ಜಾಗದಲ್ಲಿ ಈ ಹೆಸರು ಕೇಳಿದ್ದು 122 ವರ್ಷದ ಮೇಲೆಯೇ. 1886ರಲ್ಲಿ ಭಾರತದ ಧರ್ಮಕ್ಷೇತ್ರಗಳಿಗೆ ವ್ಯವಸ್ಥಿತ ರೂಪ ಕೊಟ್ಟದ್ದೂ ಆ ಹದಿಮೂರನೆಯ ಲಿಯೋ ಅವರೇ.

ಈಗಿನ ಪೋಪ್ 267ನೆಯವರು ಎಂದಾಗ ಮಾಸ್ತರು ಒಂದು ಕ್ಷಣ ಸುಮ್ಮನಾದರು. ಗವಿಮಠದ ಈಗಿನ ಶ್ರೀಗಳು ಪೀಠದ 18ನೆಯವರು. ಕೊಪ್ಪಳದವರಿಗೆ ಪೀಠದ ಸಂಖ್ಯೆಯ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಾಜರಿ ಪುಸ್ತಕ ಎಷ್ಟು ಹಳೆಯದು ಎನ್ನುವುದು ಆಮೇಲಿನ ಪ್ರಶ್ನೆ. ಪಟ್ಟಿ ಹೆಚ್ಚುಕಡಿಮೆ ಈಗಿರುವ ರೂಪಕ್ಕೆ ಬಂದು ನಿಂತದ್ದು ಮಹಾ ಗ್ರೆಗರಿ ಪೋಪರ ಕಾಲಕ್ಕೆ, ಕ್ರಿ.ಶ. 600ರ ಸುಮಾರಿಗೆ. ಅದರ ಎದುರು ನಮ್ಮ ಸೀಮೆಯ ಇತಿಹಾಸವನ್ನು ಇಟ್ಟು ನೋಡಬೇಕು. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗ ಕೊಪಣ ನಗರದ ಹೆಸರು ಹೇಳಿದ್ದು 850ರ ಸುಮಾರಿಗೆ, ಆಗಲೇ ಪಟ್ಟಿಗೆ 250 ವರ್ಷ. ಯಲಬುರ್ಗಾ ಕಡೆಯ ಇಟಗಿಯಲ್ಲಿ ಮಹಾದೇವ ದಂಡನಾಯಕ ದೇವಾಲಯ ಕಟ್ಟಿಸಿ ಶಾಸನ ಹಾಕಿಸಿದ್ದು 1112ರಲ್ಲಿ, ಆಗ ಪಟ್ಟಿಗೆ 500 ದಾಟಿತ್ತು. ಗಂಗಾವತಿಯ ಆನೆಗೊಂದಿ ಕಡೆಯಿಂದ ವಿಜಯನಗರ ಎದ್ದದ್ದು 1336ರಲ್ಲಿ, ಅದು ಮುರಿದದ್ದು 1565ರಲ್ಲಿ. ಒಂದು ಸಾಮ್ರಾಜ್ಯ ಹುಟ್ಟಿ ಬೆಳೆದು ಬಿದ್ದ ಆ 229 ವರ್ಷಗಳಲ್ಲಿ ಪಟ್ಟಿಗೆ ಒಂದು ಹೆಸರೂ ಸೇರಲಿಲ್ಲ, ಒಂದು ಹೆಸರೂ ಬಿಡಲಿಲ್ಲ. ಒಬ್ಬ ಗುರು ಮೂವತ್ತು ವರ್ಷ ಪೂಜೆ ಮಾಡುತ್ತಾನೆ ಅಂದರೆ ಗ್ರೆಗರಿಯಿಂದ ನಮ್ಮ ಗಂಗಾವತಿ ಕಡೆಯ ಫಾದರ್ ತನಕ ಬರೀ 47 ಕೈ. ಇಷ್ಟನ್ನೂ ಹೇಳಲು ಎಷ್ಟು ಹೊತ್ತು? ಮನೆಯಲ್ಲಿ ಗಡಿಯಾರ ಇಟ್ಟುಕೊಂಡು 41 ಹೆಸರನ್ನೂ ಓದಿ ನೋಡಿದ್ದೆ: 38 ಸೆಕೆಂಡು.

ಇಂಥ ಪಟ್ಟಿಯೊಳಗೆ ಹೊಸಬರು ಹೊಗುವುದು ಎಷ್ಟು ಕಷ್ಟ ಅಂತ ಜೋಸೆಫರನ್ನು ಕೇಳಬೇಕು. ಯೇಸುವನ್ನು ಸಾಕಿದ ತಂದೆ, ಮರಿಯಮ್ಮನ ಗಂಡ. ಹೆಂಡತಿಯ ಹೆಸರು ಮೊದಲ ಸಾಲಿನಲ್ಲೇ ಇತ್ತು, ಗಂಡನ ಹೆಸರು ಇರಲಿಲ್ಲ. 1962ರ ನವೆಂಬರಿನಲ್ಲಿ ಇಪ್ಪತ್ಮೂರನೆಯ ಯೊವಾನ್ನ ಪೋಪರು ಅದನ್ನು ಸೇರಿಸಿದರು. ಗ್ರೆಗರಿಯ ಕಾಲದಿಂದ ಲೆಕ್ಕ ಹಾಕಿದರೆ 1,360 ವರ್ಷದ ಕಾಯುವಿಕೆ. ದಿನನಿತ್ಯ ಹೆಚ್ಚಾಗಿ ಬಳಕೆಯಾಗುವ, ಆಮೇಲೆ ಬಂದ ಚಿಕ್ಕ ಪ್ರಾರ್ಥನೆಗಳಲ್ಲಿ ಅವರ ಹೆಸರು ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು. 2013ರ ಮೇ 1ರಂದು ಆ ಅಪ್ಪಣೆ ಹೊರಟಿತು. ಅವರು ಬಡಿಗ. ಮೇ 1 ದುಡಿಯುವವರ ದಿನ.

ಪಟ್ಟಿಯಲ್ಲಿ ಎಂಥೆಂಥವರಿದ್ದಾರೆ ಎಂದು ಮಾಸ್ತರು ಕೇಳಿದರು. ಕೋಸ್ಮಾಸ್, ದಾಮಿಯನ್ ಅಣ್ಣತಮ್ಮಂದಿರು, ರೋಗಿಗಳಿಂದ ಕಾಸು ಮುಟ್ಟದ ವೈದ್ಯರು ಎಂದು ಪ್ರತೀತಿ. ಆಗ್ನೆಸ್ ಹನ್ನೆರಡೋ ಹದಿಮೂರೋ ವರ್ಷದ ಹುಡುಗಿ. ಎರಡನೆಯ ಪಟ್ಟಿಯ ಏಳು ಹೆಂಗಸರಲ್ಲಿ ಮೊದಲ ಇಬ್ಬರು ಫೆಲಿಚಿತ ಮತ್ತು ಪೆರ್ಪೆತುವ. 203ರ ಮಾರ್ಚ್ 7ರಂದು ಕಾರ್ತೇಜಿನಲ್ಲಿ ಪ್ರಾಣಿಗಳ ಮುಂದೆ ನೂಕಿಸಿಕೊಂಡು ಸತ್ತವರು ಎಂದು ನಂಬಿಕೊಂಡು ಬಂದಿದ್ದಾರೆ. ಪೆರ್ಪೆತುವಳಿಗೆ ಆಗ ಸುಮಾರು 22 ವರ್ಷ. ದೊಡ್ಡ ಮನೆತನದ ಹೆಣ್ಣು, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಸೆರೆಮನೆಯಲ್ಲಿ ಕೂತು ಅವಳು ಬರೆದ ದಿನಚರಿ ಉಳಿದು ಬಂದಿದೆ. ಫೆಲಿಚಿತ ದಾಸಿ, ಸೆರೆಯಲ್ಲೇ ಹೆತ್ತವಳು. ಹಾಜರಿಯಲ್ಲಿ ದಾಸಿಯ ಹೆಸರು ಮೊದಲು, ಒಡತಿ ವರ್ಗದವಳ ಹೆಸರು ಆಮೇಲೆ. ಇದನ್ನು ಕೇಳಿ ಮಾಸ್ತರು ನಕ್ಕರು. ಕಸಗುಡಿಸುವವಳು, ಕೊಟ್ಟಣ ಕುಟ್ಟುವವಳು ಶರಣೆಯರ ಸಾಲಿನಲ್ಲಿ ಕೂತ ಕತೆ ಕೇಳಿ ಬೆಳೆದವರು ಅವರು.

ಹೆಸರು ಹಿಡಿದು ನೆನೆಯುವ ಚಾಳಿ ಈ ಸೀಮೆಗೆ ಹೊಸದಲ್ಲ. ಲಿಂಗಾಯತರಲ್ಲಿ 63 ಪುರಾತನರು, 770 ಅಮರಗಣಂಗಳು. ಆನೆಗೊಂದಿಯ ಹೊಳೆನಡುವಿನ ನವವೃಂದಾವನದಲ್ಲಿ ಪದ್ಮನಾಭತೀರ್ಥರಿಂದ ಹಿಡಿದು ವ್ಯಾಸರಾಯರು ಸೇರಿದಂತೆ ಒಂಬತ್ತು ಯತಿಗಳು. ಭಕ್ತರು ಪ್ರದಕ್ಷಿಣೆ ಬರುತ್ತ ಒಬ್ಬೊಬ್ಬರ ಹೆಸರು ಹೇಳುತ್ತಾರೆ. ರೋಮಿನ ಎರಡು ಪಟ್ಟಿಗಳಲ್ಲೂ ಅವಸರವಿದ್ದಾಗ ಬಿಡಬಹುದಾದ ಹೆಸರುಗಳಿಗೆ ಈಗ ಕಂಸ ಹಾಕಿದ್ದಾರೆ. ಬಿಡಲೇಬಾರದ ಹೆಸರುಗಳು ಮೊದಲ ಪಟ್ಟಿಯಲ್ಲಿ ಐದು, ಎರಡನೆಯದರಲ್ಲಿ ನಾಲ್ಕು. ಕೂಡಿದರೆ ಅವೂ ಒಂಬತ್ತು. ಇದಕ್ಕೆ ಅರ್ಥ ಹಚ್ಚಬೇಕಾಗಿಲ್ಲ, ಆದರೆ ಲೆಕ್ಕದ ಮಾಸ್ತರಿಗೆ ಖುಷಿಯಾಗುವ ಸಂಗತಿ. ಇನ್ನು ಕೊಪಣವನ್ನು ಮಹಾತೀರ್ಥವೆಂದು ಕೊಂಡಾಡಿದ ಜೈನರು ಬೇರೆಯೇ ದಾರಿ ಹಿಡಿದವರು. ಅವರ ಪಂಚನಮಸ್ಕಾರ ಮಂತ್ರದಲ್ಲಿ ಒಬ್ಬರ ಹೆಸರೂ ಇಲ್ಲ. ಐದು ಬಗೆಯ ಪೂಜ್ಯರಿಗೆ ನಮಸ್ಕಾರ, ಅಷ್ಟೆ. ಯಾರ ಹೆಸರನ್ನೂ ಹೇಳದಿದ್ದರೆ ಯಾರ ಹೆಸರೂ ಬಿಟ್ಟುಹೋಗುವುದಿಲ್ಲ.

ಬಿಟ್ಟುಹೋಗುವ ಕಷ್ಟ ಪೂಜೆಗೆ ನಿಜಕ್ಕೂ ಇದೆ. 2004ರ ರೋಮಿನ ಸಂತಾವಳಿಯಲ್ಲಿ ಸಂತರು, ಧನ್ಯರು ಸೇರಿ ಸುಮಾರು 7,000 ಹೆಸರು. ಎರಡನೆಯ ಜಾನ್ ಪೌಲ್ ಪೋಪರೊಬ್ಬರೇ 482 ಜನರನ್ನು ಸಂತರೆಂದು ಸಾರಿದರು. ಫ್ರಾನ್ಸಿಸರು 2013ರ ಮೇ 12ರಂದು, ಒಂದೇ ಬೆಳಿಗ್ಗೆ, 1480ರಲ್ಲಿ ಇಟಲಿಯ ಒತ್ರಾಂತೋ ಊರಿನಲ್ಲಿ ಕೊಲೆಯಾದ 813 ಜನರನ್ನು ಸಂತರ ಸಾಲಿಗೆ ಸೇರಿಸಿದರು. ಸಂತರ ಸಾಲಿನಲ್ಲಿ ಬರುವುದು ಅಂತೋನಿಯೊ ಪ್ರಿಮಾಲ್ದೋ ಎಂಬ ಒಬ್ಬನ ಹೆಸರು, ಮಿಕ್ಕವರು ‘ಮತ್ತು ಸಂಗಡಿಗರು’. ಒಂದು ಹೆಸರಿನ ಬೆನ್ನಿಗೆ 812 ಜನ ನಿಂತಿದ್ದಾರೆ.

ಈ ಹೆಸರುಗಳು ನಮ್ಮ ಕಡೆಗೆ ಬಂದ ದಾರಿಯೂ ಉದ್ದವೇ. ಕುಷ್ಟಗಿಯ ಈಶಾನ್ಯಕ್ಕೆ, ಲಿಂಗಸುಗೂರು ತಾಲೂಕಿನಲ್ಲಿ ಮುದಗಲ್ ಇದೆ. ಕೋಟೆಗೂ ಮೊಹರಮ್ಮಿಗೂ ಹೆಸರಾದ ಊರು. ಅಲ್ಲಿಯ ಹಳೆಯ ಚರ್ಚನ್ನು ಯೇಸುಸಭೆಯ ಪಾದ್ರಿಗಳು 1557ರಲ್ಲಿ ಕಟ್ಟಿದರೆಂದು ಹೇಳುತ್ತ ಬಂದಿದ್ದಾರೆ. ಅದು ನಿಜವಾದರೆ ಯೇಸುಸಭೆ ಹುಟ್ಟಿ ಆಗ 17 ವರ್ಷ, ಹಂಪಿಯ ಪೇಟೆ ಇನ್ನೂ ಗಿಜಿಗುಡುತ್ತಿತ್ತು, ಇಡೀ ಕಥೋಲಿಕ ಲೋಕಕ್ಕೆ ಒಂದೇ ಪೂಜೆ ಪುಸ್ತಕ ಎಂದು ರೋಮ್ ಅಚ್ಚುಹಾಕಿಸಿದ 1570ಕ್ಕೂ 13 ವರ್ಷ ಮುಂಚೆ. ಎರೆಹೊಲದ ನಡುವೆ ಲೀನುಸ್, ಕ್ಲೇತುಸ್ ಎಂಬ ಹೆಸರು ಕೇಳಿದ ಮೊದಲ ಕಿವಿಗಳಿಗೆ ಅದು ಲ್ಯಾಟಿನ್ನಿನಲ್ಲಿ ಕೇಳಿಸಿತು. ಮುಂದಿನ ನಾಲ್ಕು ನೂರು ವರ್ಷವೂ ಹಾಗೆಯೇ ಕೇಳಿಸುತ್ತಿತ್ತು. 1963ರ ಡಿಸೆಂಬರ್ 4ರಂದು ವ್ಯಾಟಿಕನ್ ಮಹಾಸಭೆ ಜನರ ನುಡಿಯಲ್ಲಿ ಪೂಜೆಗೆ ಬಾಗಿಲು ತೆರೆಯಿತು. ಪರ 2,147 ಮತ, ವಿರೋಧ 4.

ಜನ ಮಾತ್ರ ಮಹಾಸಭೆಗೆ ಕಾಯದೆ ಹೆಸರುಗಳನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ಹಳೆ ಮೈಸೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ, ಯಕೋಬ ಯಾಗಪ್ಪನಾದ. ಯೊವಾನ್ನ ಅರುಳಪ್ಪ, ಇಗ್ನಾಸಿ ಇನ್ನಾಸಪ್ಪ, ಸವೇರಿಯ ಚೌರಪ್ಪ. ರೋಮಿನ ಹಾಜರಿಯ ಅರ್ಧ ಪಟ್ಟಿ ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತ ನಿಂತಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ.

ಎರಡನೆಯ ಚಹಾ ಬಂತು. "ಎಲ್ಲಾ ಖರೆ," ಅಂದರು ಮಾಸ್ತರು. "ಲೆಕ್ಕ ಮಾತ್ರ 45."

ಸೋತೆ. "ಯಾರನ್ನ ಹೆಚ್ಚಿಗಿ ಹಿಡಿದೀರಿ, ನೀವ ಹೇಳ್ರಿ."

"ಎರಡನೇ ಪಟ್ಟಿ ಶುರು ಆಗೂಕಿಂತ ಮೊದ್ಲ ಫಾದರ್ ಒಂದ್ ತಟಗ ತಡದ್ರು. ಒಂದ್ ಹೆಸರು ತಗೊಂಡ್ರು. ನೀವು ಪುಸ್ತಕ ನೋಡ್ಕೋತ ಕುಂತಿದ್ರಿ, ಕೇಳಿಲ್ಲ."

ಆಗ ಹೊಳೆಯಿತು. ಆ ಹಳೆಯ ಪ್ರಾರ್ಥನೆಯಲ್ಲಿ ಎರಡು ಜಾಗ ಖಾಲಿ ಬಿಟ್ಟಿದ್ದಾರೆ. ಮೊದಲ ಪಟ್ಟಿಗೆ ಮುಂಚೆ ಬದುಕಿರುವವರಿಗಾಗಿ ಒಂದು, ಎರಡನೆಯ ಪಟ್ಟಿಗೆ ಮುಂಚೆ ತೀರಿಕೊಂಡವರಿಗಾಗಿ ಒಂದು. ಪುಸ್ತಕದಲ್ಲಿ ಅಲ್ಲಿ ಹೆಸರಿಲ್ಲ, ಊರಿನವರು ತುಂಬಬೇಕು. ನಾನು ಪುಸ್ತಕದಲ್ಲಿ ಅಚ್ಚಾದದ್ದನ್ನು ಎಣಿಸಿದ್ದೆ, ಅವರು ಕಿವಿಗೆ ಬಿದ್ದದ್ದನ್ನು ಎಣಿಸಿದ್ದರು. ಆವತ್ತು ಆ ಖಾಲಿ ಜಾಗದಲ್ಲಿ ಕೇಳಿದ್ದು ಗೆಳೆಯರ ಹೆಂಡತಿಯ ಹೆಸರು. ತೀರಿಕೊಂಡು ಹತ್ತು ವರ್ಷ. ಶಾಲೆ ಬಿಟ್ಟ ಮೇಲೆ ಮಾಸ್ತರು ಅವರ ಮನೆಯ ಕಟ್ಟೆಯ ಮೇಲೆ ಕೂತು ಪರೀಕ್ಷೆ ಪೇಪರು ತಿದ್ದುತ್ತಿದ್ದರಂತೆ, ಆಕೆ ಒಳಗಿನಿಂದ ಚುರುಮುರಿ ತಂದಿಡುತ್ತಿದ್ದರಂತೆ. ಆಮೇಲೆ ಸ್ನಾನಿಕ ಯೊವಾನ್ನ, ಸ್ತೇಫನ, ಮತ್ತಿಯ, ಬಾರ್ನಬ, ಇಗ್ನಾಸಿ. ಸಾಲು ಮುಂದಕ್ಕೆ ಹೋಗಿತ್ತು.

ಮಾಸ್ತರು 45ರ ಸುತ್ತ ಸುತ್ತಿದ ಸೊನ್ನೆಯ ಮೇಲೆ ಇನ್ನೊಮ್ಮೆ ಪೆನ್ನು ಆಡಿಸಿ, ಪೇಪರನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. ಎಣ್ಣೆ ಜೇಬಿನ ಮೇಲೆ ಮೂಡಿತು.

ರಸ್ತೆಯಾಚೆ ಚರ್ಚಿನ ಅಂಗಳದಲ್ಲಿ ಪಂಕ್ತಿ ಕೂಡಿಸುವ ಗದ್ದಲ ಕೇಳುತ್ತಿತ್ತು. ಬಿಳಿ ಲಂಗದ ಹುಡುಗಿ ಗೇಟಿನ ಹತ್ತಿರ ಗೆಳತಿಯರ ಜತೆ ಆಡುತ್ತಿದ್ದಳು. ಅಜ್ಜಿ ಹೋದ ಮರುವರ್ಷ ಹುಟ್ಟಿದವಳು, ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ಒಳಗಿನಿಂದ ಯಾರೋ ಆ ಹೆಸರು ಹಿಡಿದು ಕೂಗಿದರು.

"ಬಂದ್ಯಾ," ಅಂತ ಓಗೊಟ್ಟಳು.